ಟರ್ಕಿಶ್ ಕಲಿತು ಏನು ಮಾಡ್ತೀಯ?

ಚಾಂಪಿಯನ್ ರೀಫ್ಸ್‌ನ ನಮ್ಮ ಲೈನಿನಲ್ಲಿ, ನಾಲ್ಕು ಮನೆ ಆಚೆಗಿರುವ ಹುಡುಗಿಯೊಬ್ಬಳು ಪಿಯುಸಿ ಮುಗಿಸಿ ಒಂದು ಸಂಜೆ ನನ್ನ ಹತ್ತಿರ ಬಂದಳು. ಮನೆಮಾತು ತಮಿಳು, ಓದಿದ್ದು ಕನ್ನಡ ಮಾಧ್ಯಮ, ಬೀದಿಯಲ್ಲಿ ಆಡಿ ಕಲಿತದ್ದು ತೆಲುಗು ಮತ್ತು ದಖನಿ. ನಮ್ಮೂರಲ್ಲಿ ಇದು ವಿಶೇಷವೇನಲ್ಲ. "ಸಾರ್, ದೆಹಲಿಯಲ್ಲಿ ಟರ್ಕಿಶ್ ಭಾಷೆಯಲ್ಲಿ ಬಿ.ಎ. ಆನರ್ಸ್ ಇದೆಯಂತೆ. ಅದಕ್ಕೆ ಸೇರಲಾ?" ಎಂದು ಕೇಳಿದಳು. ಹಿಂದೆಯೇ ಬಂದಿದ್ದ ಅವಳ ತಾಯಿ ನನ್ನ ಉತ್ತರಕ್ಕೂ ಕಾಯದೆ, "ನೀವೇ ಹೇಳಿ ಸಾರ್, ಎಲ್ಲರೂ ಬಿ.ಕಾಂ ಮಾಡಿ ಬೆಂಗಳೂರಿಗೆ ರೈಲು ಹತ್ತುತಾರೆ. ಇವಳು ಟರ್ಕಿಶ್ ಕಲಿತು ಏನು ಮಾಡ್ತಾಳೆ?" ಎಂದರು.

ಆ ಹೊತ್ತಿಗೆ ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. ಮುಂದಿನ ಕೆಲವು ವಾರ ಓದಿ, ಯೋಚಿಸಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲಸ ಸಿಗುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ. ಆದರೆ ಟರ್ಕಿಶ್ ಭಾಷೆಗೂ ನಮಗೂ ಏನು ಸಂಬಂಧ ಎಂದು ಕೇಳುವವರಿಗೆ, ಸಂಬಂಧ ಬಂಗಾರಪೇಟೆ ತಾಲ್ಲೂಕಿನಿಂದಲೇ ಶುರುವಾಗುತ್ತದೆ ಎಂದು ಹೇಳಬಹುದು.

*

ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಮುಟ್ಟುತ್ತದೆ. ಈ ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ನೆನಪಿಗೆ ಇಟ್ಟ ಹೆಸರು. ಆತ ನಿವೃತ್ತನಾದ ಮೇಲೆ, 1893ರಲ್ಲಿ, ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಚರಿತ್ರೆಯೊಂದನ್ನು ಪ್ರಕಟಿಸಿದ. ಇದರಲ್ಲೊಂದು ಕಾಕತಾಳೀಯವಿದೆ: ಹೈದರ್ ಹುಟ್ಟಿದ ಬೂದಿಕೋಟೆ ಇರುವುದು ಅದೇ ತಾಲ್ಲೂಕಿನಲ್ಲಿ. ಹೈದರನ ತಂದೆ ಫತೇ ಮಹಮ್ಮದ್ ಸಿರಾ ನವಾಬನ ಕೈಕೆಳಗೆ ಬೂದಿಕೋಟೆಯಲ್ಲಿದ್ದವನು. ಅವನ ಗೋರಿ ಕೋಲಾರದ ಮಕ್ಬರಾದಲ್ಲಿದೆ.

ಆ ಫತೇ ಮಹಮ್ಮದನ ಮೊಮ್ಮಗ ಟಿಪ್ಪು 1785ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದಿಂದ ಒಂದು ರಾಯಭಾರವನ್ನು ಕಳಿಸಿದ. ಗುಲಾಮ್ ಅಲಿ ಖಾನ್ ಅದರ ಮುಖ್ಯಸ್ಥ. ಜೊತೆಗೆ ನೂರುಲ್ಲಾ ಖಾನ್, ಲುತ್ಫ್ ಅಲಿ ಖಾನ್, ಜಾಫರ್ ಖಾನ್. ಸಿಪಾಯಿಗಳು, ಅಡುಗೆಯವರು, ಗುಮಾಸ್ತರು, ಆಳುಗಳು ಎಲ್ಲ ಸೇರಿ ಸುಮಾರು 900 ಮಂದಿ. 1786ರ ಮಾರ್ಚಿನಲ್ಲಿ ಅವರು ಅಘನಾಶಿನಿ ಕಡಲು ಸೇರುವ ತದಡಿಯಿಂದ ನಾಲ್ಕು ಹಡಗು ಹತ್ತಿದರು. ಉಡುಗೊರೆ, ಮಾರಾಟದ ಮೆಣಸು, ಗಂಧ, ಏಲಕ್ಕಿಗಳ ಜೊತೆ ಆನೆಗಳನ್ನೂ ಹತ್ತಿಸಿದ್ದರು. ಹೋಗಬೇಕಾದದ್ದು ಆ ಕಾಲದ ಮೈಸೂರಿನವರು 'ರೂಮ್' ಎಂದು ಕರೆಯುತ್ತಿದ್ದ ದೇಶಕ್ಕೆ, ಅಂದರೆ ಒಟ್ಟೋಮನ್ ಸಾಮ್ರಾಜ್ಯದ ರಾಜಧಾನಿ ಇಸ್ತಾಂಬುಲ್‌ಗೆ.

ಮಸ್ಕತ್, ಬುಷೆಹರ್, ಬಸ್ರಾ, ಬಾಗ್ದಾದ್, ಅಲ್ಲಿಂದ ಭೂಮಾರ್ಗ. ಬಸ್ರಾದಲ್ಲೇ ತಿಂಗಳುಗಟ್ಟಲೆ ತಡವಾಯಿತು. ಊರು ತಲುಪುವ ಹೊತ್ತಿಗೆ 1787ರ ಮಳೆಗಾಲವೂ ಕಳೆದಿತ್ತು. ನವೆಂಬರಿನಲ್ಲಿ ಸುಲ್ತಾನ ಒಂದನೆಯ ಅಬ್ದುಲ್ ಹಮೀದ್ ಅವರನ್ನು ಬರಮಾಡಿಕೊಂಡ.

ಟಿಪ್ಪು ಕೇಳಿದ್ದೇನು? ತಾನು ಸ್ವತಂತ್ರ ದೊರೆ ಎಂಬ ಮನ್ನಣೆ. ಇಂಗ್ಲಿಷರ ವಿರುದ್ಧ ಬೆಂಬಲ. ವ್ಯಾಪಾರಕ್ಕೆ ಅನುಕೂಲ: ಬಸ್ರಾ ಬಂದರನ್ನು ತನಗೆ ಬಿಟ್ಟುಕೊಟ್ಟರೆ ಮಂಗಳೂರಿನಲ್ಲಿ ಅಂಥದೇ ಸವಲತ್ತು ಕೊಡುವುದಾಗಿ ಹೇಳಿಕಳಿಸಿದ್ದ. ಜೊತೆಗೆ ಕುಶಲಕರ್ಮಿಗಳು ಬೇಕಾಗಿದ್ದರು. ಬಂದೂಕು, ಫಿರಂಗಿ, ಗಾಜು, ಪಿಂಗಾಣಿ ಮಾಡಬಲ್ಲವರನ್ನು ಕಳಿಸಿ, ನಿಮಗೆ ಬೇಕಾದ ಕುಶಲಕರ್ಮಿಗಳನ್ನು ನಾನು ಕಳಿಸುತ್ತೇನೆ ಎಂಬುದು ಅವನ ಲೆಕ್ಕ.

ದೊರೆತದ್ದು ಬಹುಪಾಲು ಮರ್ಯಾದೆಯ ಮಾತು. ಅದೇ 1787ರಲ್ಲಿ ಒಟ್ಟೋಮನ್ನರು ರಷ್ಯಾದ ಮೇಲೆ ಯುದ್ಧ ಸಾರಿದ್ದರು. ಇಂಗ್ಲಿಷರ ಸ್ನೇಹ ಕಳೆದುಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮೈಸೂರಿನವರನ್ನು ಅಲ್ಲಿ ಪ್ಲೇಗು, ಚಳಿ ಬಡಿದವು. 1788ರಲ್ಲಿ ಹೊರಟು ಈಜಿಪ್ಟ್, ಜೆಡ್ಡಾ ಮಾರ್ಗವಾಗಿ ಮಲಬಾರ್ ತೀರಕ್ಕೆ ಮರಳಿದವರು ಹೋದವರಲ್ಲಿ ಕೆಲವೇ ಮಂದಿ. ಹಾದಿಯಲ್ಲಿ ಸತ್ತವರ ಹೆಸರುಗಳು ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಅವರಲ್ಲಿ ಈ ಸೀಮೆಯವರು, ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ದಖನಿಯನ್ನೋ ಆಡುತ್ತಿದ್ದವರು ಇದ್ದಿರಲೇಬೇಕು ಎಂದು ನನಗೆ ಅನಿಸುತ್ತದೆ.

*

ಈ ಕಥೆ ನಮಗೆ ತಿಳಿದಿರುವುದು ಹೇಗೆ? ಇಲ್ಲಿಂದ ವಿಷಯ ಭಾಷೆಗೆ ಬರುತ್ತದೆ.

ರಾಯಭಾರದ ಜೊತೆ ಹೋಗಿದ್ದ ಖ್ವಾಜಾ ಅಬ್ದುಲ್ ಖಾದರ್ ದಿನಚರಿ ಬರೆದಿಟ್ಟ, ಪರ್ಷಿಯನ್‌ನಲ್ಲಿ. ಅದನ್ನು ಇತಿಹಾಸಕಾರ ಮೊಹಿಬ್ಬುಲ್ ಹಸನ್ ಸಂಪಾದಿಸಿ 1968ರಲ್ಲಿ ಪ್ರಕಟಿಸಿದರು. ಆದರೆ ಅದು ಪೂರ್ತಿ ಪ್ರಯಾಣದ ದಿನಚರಿಯಲ್ಲ. ಇಸ್ತಾಂಬುಲ್‌ನ ದರ್ಬಾರು ಅದರಲ್ಲಿ ಬರುವುದಿಲ್ಲ. ಟಿಪ್ಪುವಿನ ಪತ್ರಗಳಲ್ಲಿ ಒಂದು ಭಾಗವನ್ನು ಕಂಪನಿಯ ಅಧಿಕಾರಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಇಂಗ್ಲಿಷಿಗೆ ತಂದು 1811ರಲ್ಲಿ ಲಂಡನ್‌ನಲ್ಲಿ ಅಚ್ಚು ಹಾಕಿಸಿದ. ಅವನು ಟಿಪ್ಪುವಿನ ಶತ್ರುಪಾಳಯದವನು. ಯಾವುದನ್ನು ಆರಿಸಿದ, ಹೇಗೆ ಟಿಪ್ಪಣಿ ಬರೆದ ಎಂಬುದನ್ನು ಅದಕ್ಕೆ ತಕ್ಕ ಎಚ್ಚರದಿಂದಲೇ ಓದಬೇಕು.

ಕಥೆಯ ಇನ್ನೊಂದು ಮಗ್ಗುಲು ಇರುವುದು ಇಸ್ತಾಂಬುಲ್‌ನ ಒಟ್ಟೋಮನ್ ದಫ್ತರಗಳಲ್ಲಿ. ಟಿಪ್ಪು ಮತ್ತು ಇಬ್ಬರು ಒಟ್ಟೋಮನ್ ಸುಲ್ತಾನರ ನಡುವೆ ಓಡಾಡಿದ ಪತ್ರಗಳನ್ನು ಟರ್ಕಿಯ ಇತಿಹಾಸಕಾರ ಹಿಕ್ಮೆತ್ ಬಾಯುರ್ 1948ರಲ್ಲಿ 'ಬೆಲ್ಲೆತೆನ್' ಎಂಬ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದ. ಲೇಖನ ಟರ್ಕಿಶ್‌ನಲ್ಲಿದೆ. ಪ್ರಕಟವಾಗಿ ಮುಕ್ಕಾಲು ಶತಮಾನವಾಯಿತು. ಮೈಸೂರಿನ ಚರಿತ್ರೆಗೆ ನೇರ ಸಂಬಂಧಪಟ್ಟ ಈ ಬರಹವನ್ನು ಮೂಲದಲ್ಲೇ ಓದಬಲ್ಲ ಕನ್ನಡಿಗರು ಎಷ್ಟು ಮಂದಿ?

ಇನ್ನೊಂದು ಪತ್ರವನ್ನು ನೋಡಿ. 1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಾಳಿ ಮಾಡಿದ. ಈಜಿಪ್ಟ್ ಒಟ್ಟೋಮನ್ನರದು. ಸುಲ್ತಾನ ಮೂರನೆಯ ಸಲೀಮ್ ಆ ಸೆಪ್ಟೆಂಬರಿನಲ್ಲಿ ಟಿಪ್ಪುವಿಗೆ ಪತ್ರ ಬರೆದ: ಫ್ರೆಂಚರನ್ನು ನಂಬಬೇಡ, ಇಂಗ್ಲಿಷರೊಂದಿಗಿನ ವ್ಯಾಜ್ಯ ಬಿಡು ಎಂಬುದು ಸಾರಾಂಶ. ಪತ್ರ ತಲುಪಿದ್ದು ಇಂಗ್ಲಿಷರ ಕೈಯಿಂದಲೇ. 1799ರ ಜನವರಿಯಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನು ಟಿಪ್ಪುವಿಗೆ ರವಾನಿಸಿದ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ನೆರವು ಕೇಳಿ 900 ಜನರನ್ನು ಕಳಿಸಿದ್ದ ಊರಿನಿಂದ ಕೊನೆಗೆ ಬಂದದ್ದು ಶತ್ರುವಿನ ಲಕೋಟೆಯೊಳಗಿನ ಬುದ್ಧಿಮಾತು.

ಟಿಪ್ಪು ಎಂದ ಕೂಡಲೇ ನಮ್ಮಲ್ಲಿ ಎರಡು ಬಣ ಏಳುತ್ತವೆ. ಒಬ್ಬರಿಗೆ ಅವನು ವೀರ, ಇನ್ನೊಬ್ಬರಿಗೆ ಕ್ರೂರಿ. ಎರಡೂ ಕಡೆಯವರು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದು ಇಂಗ್ಲಿಷಿಗೆ ಬಂದ, ಕನ್ನಡಕ್ಕೆ ಬಂದ ಆಧಾರಗಳನ್ನೇ. ದಫ್ತರ ತೆರೆದರೆ ಜಗಳ ತಕ್ಷಣ ಮುಗಿಯುತ್ತದೆ ಎಂದಲ್ಲ. ಆದರೆ ಓದದೆ ಆಡುವ ಜಗಳಕ್ಕಿಂತ ಓದಿ ಆಡುವ ಜಗಳ ಮೇಲು.

*

ನಂಟು ಟಿಪ್ಪುವಿನಿಂದಲೇ ಶುರುವಾದದ್ದೂ ಅಲ್ಲ. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗಾವಾನನ ಪತ್ರಸಂಗ್ರಹದಲ್ಲಿ, ಇಸ್ತಾಂಬುಲ್ ಗೆದ್ದ ಸುಲ್ತಾನ ಎರಡನೆಯ ಮೆಹ್ಮೆತ್‌ನಿಗೆ ಬರೆದ ಪತ್ರಗಳಿವೆ. ಗಾವಾನನಿಗೆ ಮರಣದಂಡನೆಯಾದದ್ದು 1481ರಲ್ಲಿ, ಮೆಹ್ಮೆತ್ ತೀರಿಕೊಂಡದ್ದೂ ಅದೇ ವರ್ಷ. ಬಿಜಾಪುರದ ಆದಿಲ್‌ಶಾಹಿ ವಂಶದ ಮೂಲಪುರುಷ ಯೂಸುಫ್ ಒಟ್ಟೋಮನ್ ಸುಲ್ತಾನನ ಮಗ ಎಂದು ಬಿಜಾಪುರದ ಆಸ್ಥಾನದಲ್ಲಿದ್ದ ಫೆರಿಷ್ತಾ ಬರೆದಿದ್ದಾನೆ. ಇಂದಿನ ಇತಿಹಾಸಕಾರರು ಇದನ್ನು ಒಪ್ಪುವುದು ಕಡಿಮೆ. ಆದರೆ ವಂಶಕ್ಕೆ ಘನತೆ ಬರಲು ಇಸ್ತಾಂಬುಲ್‌ನ ಹೆಸರು ಬೇಕಾಗಿತ್ತು ಎಂಬುದೇ ಒಂದು ಸಂಗತಿ. ಬಿಜಾಪುರದ ಬುರುಜಿನ ಮೇಲೆ ಪ್ರವಾಸಿಗರು ಕೈಯಾಡಿಸುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಎರಕ ಹೊಯ್ದವನು ಮಹಮ್ಮದ್ ಎಂಬ 'ರೂಮಿ', ಅಂದರೆ ಒಟ್ಟೋಮನ್ ಸೀಮೆಯಿಂದ ಬಂದವನು.

ತೋಪು ಎಂಬ ಪದವೇ ಅಲ್ಲಿಯದು. ಮಾವಿನ ತೋಪು ನಮ್ಮದು; ಗುಂಡು ಹಾರಿಸುವ ತೋಪು ಟರ್ಕಿಶ್‌ನ 'ತೊಪ್'. ಹಳೆಯ ಕನ್ನಡ ಕಾಗದಗಳಲ್ಲಿ ಬರುವ ತುಪಾಕಿಯೂ ಅದೇ ದಾರಿಯಲ್ಲಿ ಬಂದದ್ದು. ಕಲ್ಲಿಗೆ ಕಲ್ಲು ತಾಗಿಸಿ ಕಿಡಿ ಹೊತ್ತಿಸುವ ಚಕಮಕಿಯ ಬೇರು 'ಚಕ್ಮಕ್' ಎಂಬ ತುರ್ಕಿ ಪದ. ಉರ್ದು ಎಂಬ ಹೆಸರು ಬಂದದ್ದು ಸೈನ್ಯ, ಪಾಳೆಯ ಎಂಬ ಅರ್ಥದ 'ಒರ್ದು'ವಿನಿಂದ. ಬೇಗಂ ಕೂಡ ತುರ್ಕಿ ಮೂಲದ್ದೇ. ಇವೆಲ್ಲ ಪರ್ಷಿಯನ್, ಉರ್ದು, ಮರಾಠಿಗಳ ಕೈದಾಟಿ ನಮ್ಮಲ್ಲಿಗೆ ಬಂದವು. ಶಾಸನಗಳಲ್ಲಿ, ಕಾವ್ಯಗಳಲ್ಲಿ ಬರುವ 'ತುರುಷ್ಕ', 'ತುರುಕ' ಎಂಬ ಮಾತಂತೂ ಆ ಜನಾಂಗದ ಹೆಸರೇ. ಕಾಲ ಕಳೆದಂತೆ ಅದು ಬೇರೆ ಅರ್ಥ ಪಡೆಯಿತು, ಬೈಗುಳವೂ ಆಯಿತು. ಒಂದು ಭಾಷೆಯನ್ನು ಕಲಿಯುವವರಿಗೆ ಅದನ್ನಾಡುವ ಜನರ ಹೆಸರು ತಮ್ಮ ಭಾಷೆಯಲ್ಲಿ ಏನಾಗಿದೆ ಎಂಬುದೂ ಪಾಠವೇ.

*

ಇನ್ನು ಭಾಷೆ ಕಲಿಯುವ ಕಷ್ಟ ಸುಖ. ಇಲ್ಲಿ ಕನ್ನಡಿಗರಿಗೆ ಒಂದು ಸಂತೋಷದ ಸುದ್ದಿ ಇದೆ. ಇಂಗ್ಲಿಷಿನವರಿಗೆ ತಲೆಕೆಳಗಾಗಿ ಕಾಣುವ ಟರ್ಕಿಶ್ ವಾಕ್ಯ ನಮಗೆ ನೆಟ್ಟಗೆ ಕಾಣುತ್ತದೆ.

'ಎವ್' ಎಂದರೆ ಮನೆ. 'ಎವ್‌ಲೆರಿಮಿಜ್‌ದೆ' ಎಂದರೆ ನಮ್ಮ ಮನೆಗಳಲ್ಲಿ. ಮನೆ, ಗಳು, ನಮ್ಮ, ಅಲ್ಲಿ ಎಂದು ಪ್ರತ್ಯಯಗಳು ಒಂದರ ಹಿಂದೊಂದು ಅಂಟುತ್ತವೆ. ಕ್ರಿಯಾಪದ ವಾಕ್ಯದ ಕೊನೆಗೆ. 'ಗಿದಿಪ್ ಗೆಲ್ದಿಮ್' ಎಂದರೆ 'ಹೋಗಿ ಬಂದೆ', ಪದಕ್ಕೆ ಪದ ಹೊಂದುತ್ತದೆ. ಕಣ್ಣಾರೆ ಕಂಡದ್ದಕ್ಕೆ 'ಗೆಲ್ದಿ', ಬಂದ. ಕೇಳಿ ತಿಳಿದದ್ದಕ್ಕೆ 'ಗೆಲ್ಮಿಶ್', ಬಂದನಂತೆ. ನಮ್ಮ 'ಅಂತೆ'ಯನ್ನು ಇಂಗ್ಲಿಷಿಗೆ ತರಲು ಒದ್ದಾಡಿದವರಿಗೆ ಇದರ ಬೆಲೆ ಗೊತ್ತು. ನಾವು 'ಎಂದು' ಎನ್ನುವಲ್ಲಿ ಅವರು 'ದಿಯೆ' ಎನ್ನುತ್ತಾರೆ. ಎರಡೂ 'ಹೇಳು' ಎಂಬರ್ಥದ ಧಾತುವಿನಿಂದಲೇ ಆದವು. ನಾವು ಪುಸ್ತಕ ಗಿಸ್ತಕ ಎಂದರೆ ಅವರು 'ಕಿತಾಪ್ ಮಿತಾಪ್' ಎನ್ನುತ್ತಾರೆ. ನಮ್ಮ ಕಟ್ಟಕಡೆ, ತುತ್ತತುದಿ, ನಟ್ಟನಡುವೆಗಳ ಹಾಗೆ ಮೊದಲ ಅಕ್ಷರವನ್ನು ಎರಡು ಸಲ ಒತ್ತಿ ಅವರು 'ಕಪ್‌ಕರಾ' ಎಂದರೆ ಕಡುಗಪ್ಪು, 'ಬೆಂಬೆಯಾಜ್' ಎಂದರೆ ಅಚ್ಚ ಬಿಳಿ. ದಾರಿಹೋಕನನ್ನು 'ಆಬಿ', ಅಣ್ಣ, ಎನ್ನುವುದು, ಅಂಗಡಿಯವಳನ್ನು 'ಆಬ್ಲಾ', ಅಕ್ಕ, ಎನ್ನುವುದು ಅಲ್ಲಿಯೂ ವಾಡಿಕೆ. ತಾಯಿಯ ತಂಗಿಗೊಂದು ಪದ, ತಂದೆಯ ತಂಗಿಗೊಂದು ಪದ. ನೀನು, ನೀವು ಬೇರೆ ಬೇರೆ.

ಈ ಹೋಲಿಕೆ ಹಿಂದಿನವರ ಕಣ್ಣಿಗೂ ಬಿದ್ದಿತ್ತು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್, ದ್ರಾವಿಡ ಭಾಷೆಗಳಿಗೂ ಟರ್ಕಿಶ್ ಮುಂತಾದವುಗಳಿಗೂ 'ಸಿಥಿಯನ್' ಎಂಬ ದೂರದ ಬಳಗದಲ್ಲಿ ನಂಟು ಹುಡುಕಿದ. ಆ ವಾದ ನಿಲ್ಲಲಿಲ್ಲ. ಒಂದೇ ರೀತಿಯ ರಚನೆ ಇದ್ದ ಮಾತ್ರಕ್ಕೆ ಭಾಷೆಗಳು ಒಂದೇ ಮನೆತನದವಾಗುವುದಿಲ್ಲ. ಸಂಬಂಧಿಕರಲ್ಲದವರೂ ನೆರೆಹೊರೆಯಲ್ಲಿ ಒಗ್ಗಿಕೊಂಡು ಇರಬಹುದಲ್ಲ ಎಂಬುದನ್ನು ನಮ್ಮ ಲೈನಿನವರಿಗೆ ಯಾರೂ ವಿವರಿಸಬೇಕಿಲ್ಲ.

ಕಷ್ಟವೂ ಇದೆ. 1928ರಲ್ಲಿ ಟರ್ಕಿ ಅರಬ್ಬೀ ಲಿಪಿ ಬಿಟ್ಟು ಲ್ಯಾಟಿನ್ ಲಿಪಿಗೆ ಬಂತು. 1932ರಲ್ಲಿ ಹುಟ್ಟಿದ ಭಾಷಾ ಸಂಸ್ಥೆ ಅರಬ್ಬೀ, ಪರ್ಷಿಯನ್ ಪದಗಳನ್ನು ಕಿತ್ತು ಅಚ್ಚ ಟರ್ಕಿಶ್ ಪದಗಳನ್ನು ನೆಡಲು ಹೊರಟಿತು. ಪರಿಣಾಮ: ಗಣರಾಜ್ಯ ಕಟ್ಟಿದ ಅತಾತುರ್ಕ್ 1927ರಲ್ಲಿ ಮಾಡಿದ ಪ್ರಸಿದ್ಧ ಭಾಷಣವನ್ನೇ ನಂತರದ ತಲೆಮಾರಿಗಾಗಿ ಸರಳ ಟರ್ಕಿಶ್‌ಗೆ ತಿರುಗಿಸಬೇಕಾಯಿತು. ಸಂಸ್ಕೃತ ಪದಗಳನ್ನು ಹಾಗೆಯೇ ಬಳಸದೆ 'ಕಬ್ಬಿಗರ ಕಾವ' ಬರೆದ ಆಂಡಯ್ಯನನ್ನೂ, ನಮ್ಮ ಕಾಲದ ಡಿ. ಎನ್. ಶಂಕರ ಭಟ್ಟರ ಎಲ್ಲರಕನ್ನಡದ ಚರ್ಚೆಯನ್ನೂ ಬಲ್ಲ ಕನ್ನಡ ವಿದ್ಯಾರ್ಥಿಗೆ ಇದು ದೂರದ ವಿಷಯವಲ್ಲ. ನಮ್ಮಲ್ಲಿ ಅದು ಕವಿಯ, ವಿದ್ವಾಂಸನ ಪ್ರಯೋಗವಾಗಿ ಉಳಿಯಿತು. ಅಲ್ಲಿ ಸರ್ಕಾರವೇ ಕೈಹಾಕಿತು. ಭಾಷೆ ಜನರ ಕೈಗೆ ಹತ್ತಿರವಾಯಿತು, ಹಳೆಯ ಕಪಾಟುಗಳು ದೂರವಾದವು. ಆದ್ದರಿಂದ ಇಂದಿನ ಟರ್ಕಿಶ್ ಕಲಿತರೆ ಬಾಯುರ್‌ನ ಲೇಖನ ಓದಬಹುದು. ಟಿಪ್ಪುವಿನ ಕಾಲದ ಒಟ್ಟೋಮನ್ ಕಾಗದ ಓದಲು ಹಳೆಯ ಲಿಪಿ, ಅದರ ಜೊತೆ ಅಷ್ಟಿಷ್ಟು ಪರ್ಷಿಯನ್, ಅರಬ್ಬೀ ಮತ್ತೆ ಕಲಿಯಬೇಕು. ಪದವಿ ಎನ್ನುವುದು ಈ ಹಾದಿಯ ಮೊದಲ ನಿಲ್ದಾಣ ಮಾತ್ರ.

*

ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ ಟರ್ಕಿಶ್ ಭಾಷೆ ಮತ್ತು ಸಾಹಿತ್ಯದ ಬಿ.ಎ. ಆನರ್ಸ್ ಪದವಿ ಇದೆ. ಆ ಸಂಸ್ಥೆಗೆ ಈ ನಂಟು ಹಳೆಯದು. ಬಾಲ್ಕನ್ ಯುದ್ಧದ ಕಾಲದಲ್ಲಿ, 1912ರಲ್ಲಿ, ಗಾಯಾಳು ಟರ್ಕರ ಶುಶ್ರೂಷೆಗೆ ವೈದ್ಯರ ತಂಡ ಕರೆದೊಯ್ದ ಡಾ. ಎಂ. ಎ. ಅನ್ಸಾರಿ ಜಾಮಿಯಾ ಕಟ್ಟಿದವರಲ್ಲಿ ಒಬ್ಬರು. ಟರ್ಕಿಯ ಲೇಖಕಿ ಹಾಲಿದೆ ಎದಿಪ್ 1935ರಲ್ಲಿ ಅಲ್ಲಿಗೆ ಬಂದು ಉಪನ್ಯಾಸ ಕೊಟ್ಟರು, ಭಾರತದ ಬಗ್ಗೆ ಪುಸ್ತಕವನ್ನೂ ಬರೆದರು.

ಹುಡುಗಿಯ ತಾಯಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: "ಆ ದೇಶಕ್ಕೂ ನಮಗೂ ಆಗಿಬರ್ತಾ ಇಲ್ಲ ಅಂತಾರಲ್ಲ ಸಾರ್?" ಹೌದು. 2025ರ ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನಗಳ ಸಂಘರ್ಷದ ವೇಳೆ ಟರ್ಕಿ ಪಾಕಿಸ್ತಾನದ ಪರ ನಿಂತಿತು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಟರ್ಕಿಯ ಇನೋನು ವಿಶ್ವವಿದ್ಯಾಲಯದೊಂದಿಗಿನ ಒಪ್ಪಂದವನ್ನು ತಡೆಹಿಡಿಯಿತು. ಜಾಮಿಯಾ ಕೂಡ ಟರ್ಕಿಯ ಸಂಸ್ಥೆಗಳೊಂದಿಗಿನ ಒಪ್ಪಂದಗಳನ್ನು ಅಮಾನತಿನಲ್ಲಿಟ್ಟಿತು. ಟರ್ಕಿಶ್ ಓದುವವರಿಗೆ ಅಲ್ಲಿಗೆ ಹೋಗಿ ಬರುವ ಹಾದಿ ಇದರಿಂದ ಕಿರಿದಾಗುತ್ತದೆ. ಇದನ್ನು ಮುಚ್ಚಿಟ್ಟು ಮಕ್ಕಳಿಗೆ ಸಲಹೆ ಕೊಡಬಾರದು. ಆದರೆ ಬಿರುಕು ಬಿದ್ದಾಗಲೇ ಎದುರಿನವರ ಮಾತು ನೇರವಾಗಿ ತಿಳಿಯುವವರು ಬೇಕು. 1799ರಲ್ಲಿ ಟಿಪ್ಪುವಿಗೆ ಇಸ್ತಾಂಬುಲ್‌ನ ಮಾತು ತಲುಪಿದ್ದು ವೆಲ್ಲೆಸ್ಲಿಯ ಕೈಯಿಂದ ಎಂಬುದನ್ನು ಮರೆಯಬಾರದು.

*

ಕೊನೆಯದಾಗಿ ನಮ್ಮ ಊರಿನದೇ ಒಂದು ಪಾಠ. ಟಿಪ್ಪು ಸತ್ತ ಮೇಲೆ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್, 1802ರಲ್ಲಿ ಊರಿಗಾಂ, ಮಾರಿಕುಪ್ಪಂ ಸುತ್ತಮುತ್ತ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದ. ವರದಿ ಕಪಾಟು ಸೇರಿತು. ಸುಮಾರು 70 ವರ್ಷ ಕಳೆದ ಮೇಲೆ, ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕಲ್ ಲವೆಲ್ ಎಂಬ ನಿವೃತ್ತ ಸಿಪಾಯಿ ವಾರೆನ್ನನ ಆ ಹಳೆಯ ಬರಹ ಓದಿದ. ಎತ್ತಿನ ಗಾಡಿ ಹತ್ತಿ ಕೋಲಾರದ ಕಡೆ ಬಂದ. 1873ರಲ್ಲಿ ಗಣಿಗೆ ಪರವಾನಗಿ ಕೇಳಿದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಉಳಿದದ್ದು ನಮ್ಮ ತಾತಂದಿರ ಬದುಕು: ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿ, 1902ರಲ್ಲಿ ಶಿವನಸಮುದ್ರದಿಂದ ಬಂದ ಕರೆಂಟು, 1965ರಲ್ಲಿ ಗಣಿಯ ಆಳದಲ್ಲಿ ನ್ಯೂಟ್ರಿನೊ ಕಂಡ ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು, 2001ರ ಫೆಬ್ರವರಿ 28ರಂದು ಬಿದ್ದ ಬೀಗ.

ಅಂದರೆ ಈ ಊರು ಹುಟ್ಟಿದ್ದೇ ಯಾರೋ ಒಬ್ಬ ಹಳೆಯ ಕಾಗದವೊಂದನ್ನು ತೆರೆದು ಓದಿದ್ದರಿಂದ. ಆ ಕಾಗದ ಇಂಗ್ಲಿಷಿನಲ್ಲಿತ್ತು, ಓದಿದವನಿಗೆ ಇಂಗ್ಲಿಷ್ ಬರುತ್ತಿತ್ತು. ನಮ್ಮ ಬಗ್ಗೆ ಇಸ್ತಾಂಬುಲ್‌ನಲ್ಲಿರುವ ಕಾಗದಗಳು ಚಿನ್ನ ಕೊಡುವುದಿಲ್ಲ. ಆದರೆ ತದಡಿಯಲ್ಲಿ ಹಡಗು ಹತ್ತಿ ಮರಳಿ ಬಾರದವರ ಲೆಕ್ಕ ಎಲ್ಲಾದರೂ ಉಳಿದಿದ್ದರೆ, ಅದನ್ನು ಓದಲು ನಮ್ಮವರೊಬ್ಬರು ಬೇಡವೇ?

ಹುಡುಗಿಯ ತಾತ ಮೂವತ್ತು ವರ್ಷ ಶಾಫ್ಟ್ ಇಳಿದವರು. ನಾನು ಹೇಳಿದ್ದನ್ನೆಲ್ಲ ಜಗಲಿಯ ಮೇಲೆ ಕೂತು ಕೇಳಿಸಿಕೊಂಡು, "ನಾವು ಕಾರ್ನ್‌ವಾಲ್ ದೊರೆಗಳ ಇಂಗ್ಲಿಷನ್ನೇ ಕತ್ತಲಲ್ಲಿ ಕಲಿತೆವು. ಇವಳಿಗೆ ಬೆಳಕಲ್ಲಿ ಕೂತು ಕಲಿಯೋದಕ್ಕೆ ಏನು ಕಷ್ಟ?" ಎಂದರು. ತಾಯಿ ಇನ್ನೂ ಪೂರ್ತಿ ಒಪ್ಪಿಲ್ಲ. ಹಾಸ್ಟೆಲಿನ ಖರ್ಚು ಎಷ್ಟು, ವಿದ್ಯಾರ್ಥಿವೇತನ ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದಾರೆ. ಬೇಡ ಎನ್ನುವವರು ಖರ್ಚು ವಿಚಾರಿಸುವುದಿಲ್ಲ ಎಂಬ ಧೈರ್ಯ ನನಗಿದೆ.

ಟರ್ಕಿಶ್‌ನಲ್ಲಿ ಹೊರಟವರನ್ನು ಉಳಿದವರು ಬೀಳ್ಕೊಡುವ ಮಾತು 'ಗ್ಯುಲೆ ಗ್ಯುಲೆ'. ಪದಶಃ ಅರ್ಥ ನಗುತ್ತ ನಗುತ್ತ. ನಮ್ಮ ಮನೆಗಳಲ್ಲೂ ಹಾಗೆಯೇ ಅಲ್ಲವೇ? ನಗುನಗುತ್ತಾ ಹೋಗಿ ಬಾ ಎನ್ನುತ್ತೇವೆ.